ವೇಳಾಪಟ್ಟಿ ಬರೆಯುವಾಗ ಬಸ್ಸಿನ ಟೈಮೂ ನೋಡಿ

ಮಾನ್ಯರೇ,

ಪದವಿ ಮೂರು ವರ್ಷದ್ದಾಗಬೇಕೋ ನಾಲ್ಕು ವರ್ಷದ್ದಾಗಬೇಕೋ ಎಂದು ನಮ್ಮ ರಾಜ್ಯದಲ್ಲಿ ಸಾಕಷ್ಟು ಚರ್ಚೆ ಆಗಿದೆ. 2021ರಲ್ಲಿ ನಾಲ್ಕು ವರ್ಷದ ಪದವಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಹೋಯಿತು, ಮತ್ತೆ ಮೂರು ವರ್ಷದ ಪದವಿಯೇ ಬಂತು. ಅದಕ್ಕೊಂದು ಆಯೋಗ, ಆಯೋಗದ ವರದಿ ಎಲ್ಲವೂ ಆದವು. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಅರ್ಥಶಾಸ್ತ್ರದ ಕ್ಲಾಸ್ ಇಟ್ಟರೆ ಜಗಳೂರು ಕಡೆಯ ಹಳ್ಳಿ ಹುಡುಗಿ ಅಷ್ಟೊತ್ತಿಗೆ ದಾವಣಗೆರೆ ತಲುಪುತ್ತಾಳೋ ಇಲ್ಲವೋ ಎಂಬುದು ಯಾರ ಚರ್ಚೆಗೂ ಬಂದಂತಿಲ್ಲ.

ದಾವಣಗೆರೆ ಎಂದರೆ ಹೊರಗಿನವರಿಗೆ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳೇ ಕಾಣುತ್ತವೆ. ನಾನು ಓದುವುದು ಸಣ್ಣದೊಂದು ಪದವಿ ಕಾಲೇಜಿನಲ್ಲಿ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ದಿನಾ ಬಂದು ಹೋಗುವವರೇ ಇಲ್ಲಿ ಹೆಚ್ಚು. ಹಾಸ್ಟೆಲ್ ಸೀಟು ಸಿಕ್ಕವರು ಬೆರಳೆಣಿಕೆಯಷ್ಟು.

ನಮ್ಮ ಸಮಸ್ಯೆ ಇರುವುದು ಮೊದಲ ಪೀರಿಯಡ್‌ನಲ್ಲಿ. ಬಸ್ ಸರಿಯಾಗಿ ಬಂದ ದಿನವೂ ನಾವು ಗೇಟ್ ದಾಟುವುದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ಅಷ್ಟರಲ್ಲಿ ಹಾಜರಿ ಕೂಗಿ ಮುಗಿದಿರುತ್ತದೆ. ವಾರದ ಹೆಚ್ಚಿನ ದಿನ ಆ ಹೊತ್ತಿಗೆ ಒಂದೇ ವಿಷಯ, ಅದೇ ಉಪನ್ಯಾಸಕರು. ಹೀಗಾಗಿ ಉಳಿದೆಲ್ಲ ವಿಷಯಗಳಲ್ಲಿ ತೊಂಬತ್ತರ ಮೇಲೆ ಹಾಜರಾತಿ ಇರುವವರಿಗೂ ಅದೊಂದರಲ್ಲಿ ಶೇ 75 ಮುಟ್ಟುವುದಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ನೋಟಿಸ್ ಬೋರ್ಡಿನ ಶಾರ್ಟೇಜ್ ಪಟ್ಟಿ ಓದಿದರೆ, ಅದು ಸೋಮಾರಿಗಳ ಪಟ್ಟಿಯಲ್ಲ, ಒಂದೇ ರೂಟಿನ ಬಸ್ಸಿನಲ್ಲಿ ಬರುವವರ ಪಟ್ಟಿ ಎಂಬುದು ನಮಗೆಲ್ಲ ಗೊತ್ತಾಗುತ್ತದೆ. ಆಮೇಲೆ ಅಪ್ಪನನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಅಪ್ಪನೂ ಅದೇ ಬಸ್ಸಿಗೆ ಬರಬೇಕು, ಅವರೂ ಲೇಟು!

ಉಪನ್ಯಾಸಕರನ್ನು ದೂರುವುದು ನನ್ನ ಉದ್ದೇಶವಲ್ಲ. ನಮಗೆ ಪಾಠ ಮಾಡುವ ಬಹುತೇಕರು ಅತಿಥಿ ಉಪನ್ಯಾಸಕರು. ಬೆಳಿಗ್ಗೆ ಇಲ್ಲಿ ಪಾಠ ಮುಗಿಸಿ ಇನ್ನೊಂದು ಕಾಲೇಜಿಗೆ ಓಡುವವರೂ ಅವರಲ್ಲಿದ್ದಾರೆ. ಅವರ ಅನುಕೂಲಕ್ಕೆ ಮೊದಲ ಪೀರಿಯಡ್ ಕೊಟ್ಟಿರುವುದು ತಪ್ಪಲ್ಲ. ಅವರಿಗಾಗಿ ವೇಳಾಪಟ್ಟಿ ಬಗ್ಗುತ್ತದೆ ಎಂದಾದರೆ ನಮಗಾಗಿ ಸ್ವಲ್ಪವೂ ಯಾಕೆ ಬಗ್ಗುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

‘ಮುಂಚಿನ ಬಸ್ಸಿಗೆ ಬನ್ನಿ’ ಎನ್ನುವವರಿದ್ದಾರೆ. ಮುಂಚಿನ ಬಸ್ ನಮ್ಮೂರಿಗೆ ಬರುವುದು ಆರೂಕಾಲಿಗೆ. ಅದನ್ನು ಹತ್ತಿದರೆ ಎಂಟಕ್ಕೂ ಮೊದಲೇ ಕಾಲೇಜಿನ ಮುಂದೆ ಇರುತ್ತೇವೆ, ಆದರೆ ಗೇಟಿಗೆ ಬೀಗ. ಒಂಬತ್ತರವರೆಗೆ ಹುಡುಗಿಯರು ಎಲ್ಲಿ ಕೂರಬೇಕು? ಬಸ್ ನಿಲ್ದಾಣದ ಬೆಂಚೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿನ ಚಿಂತೆ ಇಲ್ಲ, ನನ್ನಂಥವರ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಅದು ತಪ್ಪಿದರೆ ಹಿಂದೆ ಬರುವ ಖಾಸಗಿ ಬಸ್ಸಿಗೆ ದುಡ್ಡು ಕೊಡಲೇಬೇಕು.

ಮಧ್ಯಾಹ್ನದ ಕಥೆ ಇನ್ನೊಂದು. ಕ್ಲಾಸ್ ಒಂದೂವರೆಗೆ ಮುಗಿಯುತ್ತದೆ, ನಮ್ಮ ಬಸ್ ನಾಲ್ಕಕ್ಕೆ. ಓದಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿದೆ? ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಲೈಬ್ರರಿಯ ಷಟರ್ ಇಳಿದಿರುತ್ತದೆ. ಪುಸ್ತಕ ಕೊಡುವ ಸಮಯ ಹನ್ನೊಂದರಿಂದ ಒಂದು, ಅಂದರೆ ಸರಿಯಾಗಿ ನಾವು ಕ್ಲಾಸಿನಲ್ಲಿರುವ ಸಮಯ. ಹಾಗಾಗಿ ಮೆಟ್ಟಿಲ ಮೇಲೆ ಕೂತು ಒಬ್ಬಳ ನೋಟ್ಸನ್ನು ನಾಲ್ಕು ಮಂದಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತೇವೆ. ಅಸೈನ್‌ಮೆಂಟ್ ಬಸ್ಸಿನಲ್ಲೇ ಬರೆಯುವವರಿದ್ದಾರೆ. ರಸ್ತೆ ಎಲ್ಲೆಲ್ಲಿ ಕೆಟ್ಟಿದೆ ಎಂಬುದನ್ನು ಅವರ ಅಕ್ಷರ ನೋಡಿಯೇ ಹೇಳಬಹುದು. ಚರ್ಚಾಸ್ಪರ್ಧೆ, ಕ್ರೀಡೆ, ಎನ್‌ಎಸ್‌ಎಸ್ ಎಲ್ಲ ಸಂಜೆಗೆ ಇರುವುದರಿಂದ ಅವು ಊರಲ್ಲೇ ಮನೆ ಇರುವವರ ಪಾಲು.

ಈ ಭಾಗದವರಿಗೆ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟ ದೂರ ಎಂದು 2009ರಲ್ಲಿ ದಾವಣಗೆರೆಗೇ ವಿಶ್ವವಿದ್ಯಾಲಯ ಬಂದಾಗ ಎಲ್ಲರೂ ಸಂತೋಷಪಟ್ಟರು. ವಿಶ್ವವಿದ್ಯಾಲಯದ ಮಟ್ಟದಲ್ಲಿ ದೂರ ಲೆಕ್ಕಕ್ಕೆ ಬರುತ್ತದೆ, ತರಗತಿಯ ಮಟ್ಟದಲ್ಲಿ ಮಾತ್ರ ಬರುವುದಿಲ್ಲ.

ಇದಕ್ಕೆ ಅನುದಾನವೇನೂ ಬೇಕಿಲ್ಲ. ಪ್ರವೇಶದ ಅರ್ಜಿಯಲ್ಲಿ ನಮ್ಮೆಲ್ಲರ ಊರು, ತಾಲ್ಲೂಕು ಬರೆದೇ ಇದೆ. ಆ ಅರ್ಜಿಗಳನ್ನು ಮುಂದಿಟ್ಟುಕೊಂಡು ಮೊದಲ ಪೀರಿಯಡ್ ಅನ್ನು ಹತ್ತಕ್ಕೆ ಇಡಲಿ. ಅದಾಗದಿದ್ದರೆ ಒಂದೇ ವಿಷಯಕ್ಕೆ ಪೆಟ್ಟು ಬೀಳದಂತೆ ದಿನಕ್ಕೊಂದು ವಿಷಯವನ್ನು ಆ ಹೊತ್ತಿಗೆ ತರಲಿ. ಒಂದೂವರೆಯಿಂದ ನಾಲ್ಕರವರೆಗೆ ಲೈಬ್ರರಿ ತೆರೆದಿರಲಿ. ಸಿಬ್ಬಂದಿ ಇಲ್ಲವೆಂದರೆ ಒಂದು ಕೊಠಡಿಯ ಬೀಗ ತೆಗೆದು ಫ್ಯಾನ್ ಹಾಕಿ ಕೊಟ್ಟರೂ ಸಾಕು, ಪುಸ್ತಕ ನಾವೇ ತರುತ್ತೇವೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳ ಪ್ರಾಂಶುಪಾಲರು ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಗೆ ಸಹಿ ಹಾಕುವ ಮೊದಲು ಒಮ್ಮೆ ಬಸ್ ನಿಲ್ದಾಣದ ಸಮಯದ ಫಲಕವನ್ನೂ ತರಿಸಿ ನೋಡಬೇಕೆಂದು ವಿನಂತಿ.

– ಪದವಿ ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು