ಬೀದಿಬದಿ ಮಲಗುವವರ ಬಗ್ಗೆ ಸದಸ್ಯರಿಗೆ ಸೂಚನೆ

ಸದಸ್ಯರೇ, ಕಾಲೇಜಿನ ಹಿಂಬದಿ ಗೇಟಿನ ಬಳಿ ಮಲಗುವವರ ಫೋಟೊಗಳನ್ನು ಇನ್ನು ಮುಂದೆ ನಮ್ಮ ಈ ಗುಂಪಿನಲ್ಲಿ ಹಾಕಬೇಡಿ. ಈಗಾಗಲೇ ಹಾಕಿರುವವರು ಅಳಿಸಿಬಿಡಿ. ನಿದ್ರೆಯಲ್ಲಿರುವ ಮನುಷ್ಯನ ಮುಖವನ್ನು ನೂರಾರು ಮೊಬೈಲ್‌ಗಳಿಗೆ ಹಂಚುವುದರಿಂದ ಯಾರ ಸುರಕ್ಷತೆಯೂ ಹೆಚ್ಚುವುದಿಲ್ಲ.

ರಾತ್ರಿ ಗ್ರಂಥಾಲಯದಿಂದ ಒಬ್ಬರೇ ಹಾಸ್ಟೆಲಿಗೆ ನಡೆಯುವ ವಿದ್ಯಾರ್ಥಿನಿಯರ ಭಯ ನಿಜವಾದದ್ದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಯಾರಾದರೂ ಬೆದರಿಸಿದರೆ, ಹಿಂಬಾಲಿಸಿದರೆ ಮೊದಲು ಪೊಲೀಸರಿಗೆ ಕರೆ ಮಾಡಿ. ಗುಂಪಿಗೆ ಆಮೇಲೆ ತಿಳಿಸಿದರಾಯಿತು. ಆದರೆ ಹರಕು ಕಂಬಳಿ ಹೊದ್ದು ಮಲಗಿರುವುದು ಅಪರಾಧವಲ್ಲ. ಹಲ್ಲೆಗೂ ಕಳವಿಗೂ ಸುಲಭವಾಗಿ ಈಡಾಗುವವರು ಬೀದಿಯಲ್ಲಿ ಮಲಗುವವರೇ. ಎಷ್ಟೋ ಮಂದಿ ಚಪ್ಪಲಿಯನ್ನೂ ತಲೆಯಡಿ ಇಟ್ಟುಕೊಂಡು ಮಲಗುವುದು ಅದಕ್ಕೇ.

ಟಾರ್ಪಾಲು ಕಿತ್ತು ಓಡಿಸಿದರೆ ಅವರ ಗುರುತಿನ ಚೀಟಿ, ಔಷಧಿ ಎಲ್ಲವೂ ಕಸದ ಲಾರಿ ಸೇರುತ್ತವೆ. ಚೀಟಿ ಇಲ್ಲದವರಿಗೆ ಕೆಲಸ ಸಿಗುವುದೂ ಕಷ್ಟ, ಬಾಡಿಗೆ ಕೋಣೆ ಸಿಗುವುದೂ ಕಷ್ಟ. ಓಡಿಸುವುದಕ್ಕಿಂತ ಬೇರೆ ದಾರಿಯೂ ಇದೆ: ಫಿನ್ಲೆಂಡ್ 2008ರಿಂದ ಮನೆಯಿಲ್ಲದವರಿಗೆ ಮೊದಲು ಮನೆ ಕೊಟ್ಟು, ಚಿಕಿತ್ಸೆ ಮತ್ತಿತರ ನೆರವನ್ನು ಆ ಮನೆಗೇ ತಲುಪಿಸುವ ದಾರಿ ಹಿಡಿಯಿತು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಮನೆಯಿಲ್ಲದವರ ಸಂಖ್ಯೆ ಗಣನೀಯವಾಗಿ ಇಳಿಯಿತು.

ಬಾಡಿಗೆ ಕಟ್ಟಲಾಗದೆ ಗೆಳೆಯರ ಕೋಣೆಗಳಲ್ಲಿ ದಿನ ದೂಡುತ್ತಿರುವ ವಿದ್ಯಾರ್ಥಿಗಳು ನಮ್ಮಲ್ಲೂ ಇದ್ದರೆ, ಸಂಕೋಚಪಡದೆ ನಿರ್ವಾಹಕರಿಗೆ ಖಾಸಗಿಯಾಗಿ ಬರೆಯಿರಿ. ಹಿಂಬದಿ ದಾರಿಯಲ್ಲಿ ದೀಪ ಕೆಟ್ಟಿರುವ ಕಂಬಗಳ ಮೇಲೆ ಬರೆದಿರುವ ಸಂಖ್ಯೆಗಳನ್ನು ಇಂದು ಸಂಜೆಯೊಳಗೆ ಇಲ್ಲಿ ಹಾಕಿ. ದೂರು ನಾವು ಸಲ್ಲಿಸುತ್ತೇವೆ.