ಕಳೆದುಕೊಂಡ ಮೊತ್ತ ಬೇಡ, ಕಳ್ಳ ಆಡಿದ ಮಾತು ಹಾಕಿ

ಸಂಪಾದಕರೇ,

ವಂಚನೆಯ ಸುದ್ದಿ ಬಂದಾಗಲೆಲ್ಲ ನಿಮ್ಮ ತಲೆಬರಹ ಒಂದೇ ಥರ ಇರುತ್ತದೆ. ಇಷ್ಟು ಹಣ ಕಳೆದುಕೊಂಡ ನಿವೃತ್ತ ಅಧಿಕಾರಿ, ಅಷ್ಟು ಕಳೆದುಕೊಂಡ ವೈದ್ಯೆ. ಮೊತ್ತ ದೊಡ್ಡದಾದಷ್ಟೂ ಅಕ್ಷರವೂ ದೊಡ್ಡದು. ಕೊನೆಗೆ ಸಾರ್ವಜನಿಕರು ಎಚ್ಚರದಿಂದಿರಬೇಕು ಅಂತ ಒಂದು ಸಾಲು. ಅಷ್ಟೆಲ್ಲ ಓದಿಕೊಂಡವರೂ ಹೀಗೆ ಬೀಳ್ತಾರಲ್ಲ ಅಂದುಕೊಂಡು ನಾವು ಪುಟ ತಿರುಗಿಸುತ್ತೇವೆ. ಆ ಕಳ್ಳ ಫೋನಿನಲ್ಲಿ ಏನಂದ, ಯಾವ ಮಾತಿಗೆ ಇವರು ಹೂಂ ಅಂದರು, ಅದು ಮಾತ್ರ ಎಲ್ಲೂ ಇರುವುದಿಲ್ಲ. ನಮಗೆ ಬೇಕಾಗಿರುವುದು ಅದೇ ಅಲ್ವಾ?

ನನಗೆ ಬಂದ ಫೋನಿನ ಕಥೆ ಹೇಳುತ್ತೇನೆ. ಆಗಷ್ಟೇ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಬ್ಯಾಂಕಿನಿಂದ ಅಂದರು. ನನ್ನ ಪೂರ್ತಿ ಹೆಸರು ಹೇಳಿದರು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಹೇಳಿದರು. 'ಸಾರ್, ನಿಮ್ಮ ಕಾರ್ಡಿನಿಂದ ಈಗ ದೊಡ್ಡ ಮೊತ್ತ ಹೋಗ್ತಾ ಇದೆ, ನೀವೇ ಮಾಡಿದ್ದಾ?' ಅಂತ ಕೇಳಿದರು. ಅಲ್ಲ ಅಂದೆ. 'ಗಾಬರಿ ಆಗಬೇಡಿ, ನಾನು ತಡೀತೀನಿ. ಈಗ ಒಂದು ಕೋಡ್ ಬರುತ್ತೆ, ಅದು ಕ್ಯಾನ್ಸಲ್ ಮಾಡೋ ಕೋಡ್, ಓದಿ ಹೇಳಿ ಸಾಕು.' ನಿಜವಾಗಿಯೂ ಮೆಸೇಜ್ ಬಂತು! ಬ್ಯಾಂಕಿನ ಹೆಸರಲ್ಲೇ ಬಂತು. ಕನ್ನಡಕ ಇರಲಿಲ್ಲ, ತಂದು ಓದುತ್ತೇನೆ ಅಂದೆ. 'ಲೈನ್ ಕಟ್ ಮಾಡಬೇಡಿ ಸಾರ್, ಎರಡೇ ನಿಮಿಷ ಉಳಿದಿದೆ, ಆಮೇಲೆ ಹಣ ಹೋದ್ರೆ ನಮ್ಮ ಕೈಲಿ ಏನೂ ಆಗಲ್ಲ.' ಎಷ್ಟು ಒಳ್ಳೆಯ ಮನುಷ್ಯ, ನನ್ನ ಹಣಕ್ಕೆ ನನಗಿಂತ ಜಾಸ್ತಿ ಒದ್ದಾಡುತ್ತಿದ್ದಾನೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ನನ್ನನ್ನು ಉಳಿಸಿದ್ದು ನನ್ನ ಬುದ್ಧಿ ಅಲ್ಲ. ಫೋನಿನ ಚಾರ್ಜ್ ಮುಗಿಯಿತು, ಅಷ್ಟೇ. ಚಾರ್ಜರ್ ಹಾಕಿ, ಕನ್ನಡಕ ಏರಿಸಿ, ಮೆಸೇಜ್ ನಿಧಾನವಾಗಿ ಓದಿದೆ. ಅದು ಹಣ ಪಾವತಿ ಮಾಡುವ ಕೋಡ್, ಯಾರಿಗೂ ಹೇಳಬೇಡಿ ಅಂತ ಅದರಲ್ಲೇ ಇತ್ತು. ನನ್ನ ಕಾರ್ಡಿನ ವಿವರ ಅವನ ಹತ್ತಿರ ಮೊದಲೇ ಇತ್ತು, ಎಲ್ಲೋ ಸೋರಿದ್ದು. ಆ ಕಡೆ ಅವನೇ ಏನೋ ಖರೀದಿಗೆ ಒತ್ತಿದ್ದಾನೆ, ಅದಕ್ಕೇ ಅಸಲಿ ಬ್ಯಾಂಕೇ ಅಸಲಿ ಮೆಸೇಜ್ ಕಳಿಸಿದೆ. ಇಡೀ ಆಟದಲ್ಲಿ ನಕಲಿ ಅಂತ ಇದ್ದದ್ದು ಅವನು ಮಾತ್ರ.

ಈ ಒಂದು ವಾಕ್ಯ, 'ಇದು ಕ್ಯಾನ್ಸಲ್ ಮಾಡೋ ಕೋಡ್', ನಿಮ್ಮ ಪತ್ರಿಕೆಯಲ್ಲಿ ಒಮ್ಮೆ ಓದಿದ್ದರೂ ನನಗೆ ಅಲ್ಲೇ ಕಿವಿ ನಿಮಿರುತ್ತಿತ್ತು.

ಪತ್ರಿಕೆ ಇಂಥದ್ದು ಮಾಡಬಹುದು ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪಾಂಜಿ ಅನ್ನುವವನು 45 ದಿನಕ್ಕೆ ಶೇಕಡಾ 50 ಲಾಭ ಕೊಡುತ್ತೇನೆ ಅಂತ ಜನರಿಂದ ಹಣ ಎತ್ತುತ್ತಿದ್ದ. ಅಂಚೆಚೀಟಿಗೆ ಬದಲಾಯಿಸಿಕೊಳ್ಳಬಹುದಾದ ಅಂಚೆ ಕೂಪನ್ನುಗಳನ್ನು ಒಂದು ದೇಶದಲ್ಲಿ ಅಗ್ಗವಾಗಿ ಕೊಂಡು, ಇನ್ನೊಂದು ದೇಶದಲ್ಲಿ ಜಾಸ್ತಿ ಬೆಲೆಯ ಚೀಟಿಗೆ ಬದಲಾಯಿಸಿ ಲಾಭ ಮಾಡುತ್ತೇನೆ ಅನ್ನುವುದು ಅವನ ಕಥೆ. ಬಾಸ್ಟನ್ ಪೋಸ್ಟ್ ಪತ್ರಿಕೆ ಒಬ್ಬ ಹಣಕಾಸು ತಜ್ಞನ ಕೈಯಲ್ಲಿ ಲೆಕ್ಕ ಹಾಕಿಸಿತು. ಪಾಂಜಿಯ ಮಾತು ನಿಜವಾಗಬೇಕಾದರೆ ಸುಮಾರು 16 ಕೋಟಿ ಕೂಪನ್ನು ಚಲಾವಣೆಯಲ್ಲಿರಬೇಕು, ಇದ್ದದ್ದು ಸುಮಾರು 27 ಸಾವಿರ! ಹೊಸಬರ ಹಣವನ್ನೇ ಹಳಬರಿಗೆ ಲಾಭ ಅಂತ ಕೊಡುತ್ತಿದ್ದ. ಆ ವರದಿಗಳಿಗೆ 1921ರಲ್ಲಿ ಅಮೆರಿಕದ ಪತ್ರಿಕೆಗಳಿಗೆ ಕೊಡುವ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಯಾರು ಎಷ್ಟು ಕಳೆದುಕೊಂಡರು ಅನ್ನುವುದಲ್ಲ, ಆಟ ಹೇಗೆ ನಡೆಯುತ್ತಿದೆ ಅನ್ನುವುದು ಅಚ್ಚಾಯಿತು ನೋಡಿ.

ಇನ್ನೊಂದು ವಿಷಯ, ನಾಚಿಕೆ. ನಾನು ಒಂದು ಪೈಸೆಯನ್ನೂ ಕಳೆದುಕೊಳ್ಳಲಿಲ್ಲ. ಆದರೂ ಮೂರು ವಾರ ಮನೆಯಲ್ಲಿ ಬಾಯಿ ಬಿಡಲಿಲ್ಲ. ಕಳೆದುಕೊಂಡವರ ಪಾಡು ಏನಿರಬೇಕು? 1925ರಲ್ಲಿ ವಿಕ್ಟರ್ ಲಸ್ಟಿಗ್ ಅನ್ನುವ ಠಕ್ಕ ಸರ್ಕಾರಿ ಅಧಿಕಾರಿಯ ವೇಷದಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರವನ್ನೇ ಒಬ್ಬ ಗುಜರಿ ವ್ಯಾಪಾರಿಗೆ ಮಾರಿಬಿಟ್ಟ. ಮೋಸ ಹೋದವನು ನಾಚಿಕೆಯಿಂದ ದೂರೇ ಕೊಡಲಿಲ್ಲ. ಲಸ್ಟಿಗ್ ವಾಪಸ್ ಬಂದು ಅದೇ ಗೋಪುರವನ್ನು ಮತ್ತೊಬ್ಬರಿಗೆ ಮಾರಲು ನೋಡಿದ. ಮೊದಲನೆಯವನು ಸುಮ್ನಿದ್ದದ್ದಕ್ಕೇ ಅಲ್ವಾ ಆ ಧೈರ್ಯ? ನೀವು 'ದುರಾಸೆಗೆ ಬಿದ್ದು' ಅಂತ ಬರೆದಾಗಲೆಲ್ಲ ಇನ್ನಷ್ಟು ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೆ ಅವತ್ತು ಇದ್ದದ್ದು ಆಸೆ ಅಲ್ಲ, ಭಯ.

ಹಾಗಾಗಿ ವಾರಕ್ಕೊಂದು ಸಣ್ಣ ಚೌಕ ಬಿಡಿ. ಆ ವಾರ ಕಳ್ಳರು ಆಡಿದ ಮಾತು, ಆಡಿದ ಹಾಗೇ ಹಾಕಿ. ನನಗೆ ಮತ್ತು ಗೆಳೆಯರಿಗೆ ಬಂದ ಕೆಲವನ್ನು ಕೊಡುತ್ತೇನೆ. 'ತಪ್ಪಿ ಜಾಸ್ತಿ ಹಣ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ ಪ್ಲೀಸ್.' ಅವನು ಹಾಕಿದ ಹಣ ಬಂದಿರುವುದಿಲ್ಲ, ಬರೀ ನಕಲಿ ಮೆಸೇಜ್ ಬಂದಿರುತ್ತದೆ, ನೀವು ಕಳಿಸುವುದು ಮಾತ್ರ ನಿಜವಾದ ಹಣ. 'ಈ ಆ್ಯಪ್ ಹಾಕಿಕೊಳ್ಳಿ, ನಾವೇ ಕೂತಲ್ಲಿಂದ ಸರಿ ಮಾಡ್ತೀವಿ.' ಅದನ್ನು ಹಾಕಿಕೊಂಡರೆ ನಿಮ್ಮ ಪರದೆ ಅವರಿಗೂ ಕಾಣುತ್ತದೆ, ಕೋಡ್ ಕೇಳುವ ಕಷ್ಟವೂ ಅವರಿಗೆ ಇರುವುದಿಲ್ಲ. 'ಗಿಫ್ಟ್ ಕಾರ್ಡ್ ತಗೊಂಡು ಹಿಂದಿನ ನಂಬರ್ ಓದಿ.' ಯಾವ ಕಚೇರಿಯೂ ದಂಡವನ್ನು ಗಿಫ್ಟ್ ಕಾರ್ಡಿನಲ್ಲಿ ಕಟ್ಟಿಸಿಕೊಳ್ಳುವುದಿಲ್ಲ. 'ಅಪ್ಪಾ, ನಾನು, ಆಕ್ಸಿಡೆಂಟ್ ಆಗಿದೆ, ಇದು ಬೇರೆಯವರ ಫೋನ್.' ಈಗ ಸ್ವಲ್ಪ ಹೊತ್ತಿನ ಧ್ವನಿ ಸಿಕ್ಕರೂ ಕಂಪ್ಯೂಟರ್ ಅದೇ ದನಿಯಲ್ಲಿ ಮಾತಾಡುತ್ತದೆ. ನಾವು ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಪದ ಇಟ್ಟುಕೊಂಡಿದ್ದೇವೆ. ಮಗಳಿಗೆ ಅದೊಂದು ತಮಾಷೆ, ಆದರೂ ಪದ ಆರಿಸಿದ್ದು ಅವಳೇ.

ಫೋನಿನಲ್ಲಿ ಕಾಣುವ ನಂಬರ್ ನಂಬಬೇಡಿ ಅನ್ನುವುದನ್ನೂ ಹಾಕಿ, ಅದನ್ನು ಬದಲಾಯಿಸಿ ತೋರಿಸಬಹುದು. ಫೋನ್ ಇಟ್ಟು, ಕಾರ್ಡಿನ ಹಿಂಬದಿಯ ನಂಬರಿಗೆ ನಾವೇ ಮಾಡಬೇಕು. ಲಿಂಕಿನ ಪಕ್ಕ ಬೀಗದ ಚಿತ್ರ ಇದ್ದರೆ ಸೈಟ್ ಅಸಲಿ ಅಂತ ನಾನೂ ನಂಬಿದ್ದೆ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಅಂತ ಮಾತ್ರ ಅದರ ಅರ್ಥ. ಆ ಕಡೆ ಕೂತಿರುವವನೇ ಕಳ್ಳನಾದರೆ ಬೀಗ ಏನು ಮಾಡೀತು?

ಹಣ ಹೋಗಿಯೇ ಬಿಟ್ಟರೆ ಮೊದಲು ಬ್ಯಾಂಕಿಗೆ ಫೋನ್, ಆಮೇಲೆ ಪೊಲೀಸ್, ಅಳುವುದು ಅದಾದ ಮೇಲೆ. ಕದ್ದ ಹಣ ನಿಮಿಷಗಳಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲವು ದಿನ ಬಿಟ್ಟು ಇನ್ನೊಂದು ಫೋನ್ ಬರಬಹುದು. 'ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಸ್ವಲ್ಪ ಫೀಸ್ ಕಟ್ಟಿ.' ಒಮ್ಮೆ ಬಿದ್ದವರ ಪಟ್ಟಿಯನ್ನು ಕಳ್ಳರು ಕಳ್ಳರಿಗೇ ಮಾರುತ್ತಾರೆ.

ಹೆಸರು ಹಾಕಬೇಡಿ ಅಂತ ಬರೆಯಲು ಹೊರಟಿದ್ದೆ. ಪರವಾಗಿಲ್ಲ, ಹಾಕಿ. ಈ ಪತ್ರವನ್ನು ಮನೆಯವಳ ಕೈಗೇ ಮೊದಲು ಕೊಟ್ಟೆ. ಓದಿ ಬೈಯಲಿಲ್ಲ. ತನಗೂ ಹೋದ ತಿಂಗಳು ಅಂಥದ್ದೇ ಫೋನ್ ಬಂದಿತ್ತು ಅಂದಳು.