ಪುಟ್ಟಿ, ನಿನ್ನ ಇಂಗ್ಲಿಷ್ ಅರ್ಜಿ ಓದಿದೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಅರ್ಜಿ ಬಂತು. ಎರಡು ಸಲ ಓದಿದೆ. ನಮ್ಮೂರ ಕೊನೇ ಗದ್ದೆಗಳಿಗೆ ನಾಲೆ ನೀರು ಹತ್ತುತ್ತಿಲ್ಲ ಅಂತ ಮೈಸೂರಿನ ಹಾಸ್ಟೆಲ್‌ನಲ್ಲಿ ಕೂತು ನಾಲ್ಕು ಪುಟ ಬರೆದಿದ್ದೀಯಲ್ಲ, ಅದು ನನಗೆ ತುಂಬಾ ಸಂತೋಷ. "ಅಕ್ಕ, ಇಂಗ್ಲಿಷ್ ಹೆಂಗಿದೆ ನೋಡು" ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಇಂಗ್ಲಿಷ್ ಚೆನ್ನಾಗೇ ಇದೆ. ಆದ್ರೆ ಇದನ್ನ ಓದಿ ಯಾರೂ ಎದ್ದು ಹೋಗಿ ತೂಬು ನೋಡೋದಿಲ್ಲ ಮಗಳೇ.

ನಾನು ಮಂಡ್ಯದ ಕಚೇರಿಯೊಂದರ ಟಪಾಲು ಮೇಜಿನಲ್ಲಿ ಮೂವತ್ತು ವರ್ಷ ಕೂತವಳು. ದಿನಾ ಅರ್ಜಿ ಒಡೆಯೋದು, ಓದೋದು, ನಂಬರ್ ಹಾಕೋದು, ಒಳಗೆ ಕಳಿಸೋದು. ಯಾವ ಕಾಗದ ಸಾಹೇಬರ ಕೈಯಲ್ಲಿ ನಿಲ್ಲುತ್ತೆ, ಯಾವುದು ಸಹಿ ಬಿದ್ದು ಹಾಗೇ ಕಡತಕ್ಕೆ ಹೋಗುತ್ತೆ ಅಂತ ನೋಡಿ ನೋಡಿ ಗೊತ್ತಾಗಿಬಿಟ್ಟಿತ್ತು.

ನಿನ್ನ ಮೊದಲ ಸಾಲು ನೋಡು. ರೈತರ ಕಣ್ಣೀರೇ ನದಿಯಾಗಿ ಹರಿಯುತ್ತಿದೆ ಅಂತ ಶುರು ಮಾಡಿದ್ದೀಯ. ಈ ಉಪಮೆ ನಾನು ನೂರಾರು ಸಲ ಓದಿದ್ದೀನಿ. ಓದುವವರ ಕಣ್ಣು ಅದರ ಮೇಲೆ ಜಾರಿ ಹೋಗುತ್ತೆ, ಅಷ್ಟೇ. ಉಪಮೆ ಬೇಡ ಅಂತ ಹೇಳ್ತಿಲ್ಲ. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣ ಗೊತ್ತಲ್ವಾ, 'ಐ ಹ್ಯಾವ್ ಎ ಡ್ರೀಮ್' ಅಂತ ಎಲ್ಲರೂ ನೆನಪಿಟ್ಟುಕೊಂಡಿರೋದು? ಅದರ ಮೊದಲ ಭಾಗದಲ್ಲಿ ಒಂದು ಚೆಕ್ಕಿನ ಮಾತು ಬರುತ್ತೆ. ಅಮೆರಿಕ ಕಪ್ಪು ಜನರಿಗೆ ಕೊಟ್ಟ ಚೆಕ್ಕು ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಅಂತ ವಾಪಸ್ ಬಂದಿದೆ, ನಾವು ಆ ಚೆಕ್ಕನ್ನು ನಗದು ಮಾಡಿಸಿಕೊಳ್ಳೋಕೆ ಬಂದಿದ್ದೇವೆ ಅನ್ನುತ್ತಾರೆ. ಎಷ್ಟು ಸರಳ ನೋಡು. ಚೆಕ್ಕು ಬೌನ್ಸ್ ಆದ್ರೆ ತಪ್ಪು ಯಾರದ್ದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತಗೊಂಡವನದ್ದಲ್ಲ, ಕೊಟ್ಟವನದ್ದು. ಇಡೀ ವಾದ ಆ ಒಂದು ಹೋಲಿಕೆಯೊಳಗೇ ಕೂತಿದೆ. ನಿನ್ನ ಕಣ್ಣೀರಿನ ನದಿಯಲ್ಲಿ ಯಾವ ವಾದ ಇದೆ ಹೇಳು?

ಒಂದೇ ಮಾತನ್ನ ಮತ್ತೆ ಮತ್ತೆ ತರೋದೂ ಹಾಗೇ. 'ವಿ ಹ್ಯಾವ್ ನೋ ವಾಟರ್' ಅಂತ ಐದು ಸಲ ಬರೆದಿದ್ದೀಯ. ಎರಡನೇ ಸಲಕ್ಕೇ ಗೊತ್ತಾಯ್ತು, ನೀರಿಲ್ಲ. ಕಿಂಗ್ ಅವರ 'ಡ್ರೀಮ್' ಒಂದೊಂದು ಸಲ ಬಂದಾಗಲೂ ಹೊಸದೊಂದನ್ನ ಹೊತ್ತು ತರುತ್ತೆ, ಜಾರ್ಜಿಯಾದ ಕೆಂಪು ಗುಡ್ಡ, ಮಿಸಿಸಿಪಿ, ಅವರ ಸ್ವಂತ ನಾಲ್ಕು ಮಕ್ಕಳು. ನಮ್ಮಮ್ಮ, ಅಂದ್ರೆ ನಿನ್ನ ಅಜ್ಜಿ, ಗದ್ದೆ ಪಾಲಿನ ಜಗಳದಲ್ಲಿ "ಒಟ್ಲು ಹಾಕ್ದೋಳು ನಾನು, ಪೈರು ಕಿತ್ತೋಳು ನಾನು, ಕಳೆ ತೆಗ್ದೋಳು ನಾನು" ಅಂದಾಗ ಪಂಚಾಯ್ತಿಯವರು ತಲೆ ತಗ್ಗಿಸಿದ್ದರು. 'ನಾನು' ಅನ್ನೋದು ಅದೇ, ಆದ್ರೆ ಪ್ರತಿ ಸಲ ಒಂದೊಂದು ಕೆಲಸ ಕಣ್ಣಿಗೆ ಬಂತು. ನೀನೂ ಹಾಗೆ ಮಾಡು. ಯಾರ ಗದ್ದೆ, ಎಷ್ಟು ಗುಂಟೆ, ಪೈರು ಎಷ್ಟು ದಿನದ್ದು.

ಇನ್ನೊಂದು, ಇದು ನಾವು ಕನ್ನಡದವರು ಇಂಗ್ಲಿಷ್ ಬರೆಯುವಾಗ ಜಾಸ್ತಿ ಎಡವೋ ಜಾಗ. ನಮ್ಮ ಮಾತಿನಲ್ಲಿ ಕೊನೆಗೆ ಬರೋದು ಕ್ರಿಯಾಪದ, ಬಂತು, ಹೋಯ್ತು, ಇಲ್ಲ. ಅದರ ಜಾಗ ಅದಕ್ಕೇ ಮೀಸಲು. ಇಂಗ್ಲಿಷಿನಲ್ಲಿ ವಾಕ್ಯದ ಕೊನೇ ಜಾಗ ಖಾಲಿ ಇರುತ್ತೆ, ಏನು ಬೇಕಾದ್ರೂ ಇಡಬಹುದು, ಓದುವವರ ಕಿವಿಯಲ್ಲಿ ಉಳಿಯೋದೂ ಅದೇ. 1940ರ ಜೂನ್ 4ರಂದು, ಯುದ್ಧ ನಡೀತಿದ್ದಾಗ, ಬ್ರಿಟನ್ ಪ್ರಧಾನಿ ಚರ್ಚಿಲ್ ತಮ್ಮ ಪಾರ್ಲಿಮೆಂಟಿನಲ್ಲಿ ಅಲ್ಲಿ ಹೋರಾಡುತ್ತೇವೆ, ಇಲ್ಲಿ ಹೋರಾಡುತ್ತೇವೆ ಅಂತ ಕಡಲತೀರ, ಹೊಲ, ಬೀದಿ, ಗುಡ್ಡ ಎಲ್ಲ ಹೇಳಿಕೊಂಡು ಬಂದು ಕೊನೆಗೆ 'ವಿ ಶಲ್ ನೆವರ್ ಸರೆಂಡರ್' ಅಂದರು. ಆ 'ಸರೆಂಡರ್' ಮಧ್ಯದಲ್ಲಿದ್ದಿದ್ದರೆ ಅಷ್ಟು ಗಟ್ಟಿಯಾಗಿ ಕೇಳುತ್ತಿರಲಿಲ್ಲ. ನೀನು 'ನೋ ವಾಟರ್ ಕೇಮ್ ಟು ಅವರ್ ಫೀಲ್ಡ್ಸ್ ಇನ್ ದಿ ಸೆಡ್ ಪೀರಿಯಡ್' ಅಂತ ಬರೆದಿದ್ದೀಯ. ಕೊನೆಗೆ ಉಳಿದಿದ್ದು 'ಸೆಡ್ ಪೀರಿಯಡ್', ಅಂದ್ರೆ ಸದರಿ ಅವಧಿ! ಅದನ್ನ ತಿರುಗಿಸು. 'ಫಾರ್ ಸಿಕ್ಸ್ ವೀಕ್ಸ್ ಅವರ್ ಫೀಲ್ಡ್ಸ್ ಗಾಟ್ ನೋ ವಾಟರ್.' ಜೋರಾಗಿ ಓದಿ ನೋಡು, ವ್ಯತ್ಯಾಸ ಗೊತ್ತಾಗುತ್ತೆ.

ಮೂರನೇ ಪುಟದಲ್ಲಿ ಅಧಿಕಾರಿಗಳನ್ನ ಬೈದಿದ್ದೀಯಲ್ಲ, ಅದನ್ನ ತೆಗೆದುಬಿಡು. ಆ ಪ್ರಶ್ನೆಗಳನ್ನೂ. 'ಇದು ನ್ಯಾಯವೇ?' ಅಂತ ಕೇಳಿದ್ರೆ ಕುರ್ಚಿಯಲ್ಲಿ ಕೂತವರು ಮನಸ್ಸಿನಲ್ಲೇ ಏನೋ ಒಂದು ಉತ್ತರ ಕೊಟ್ಟುಕೊಂಡು ಮುಂದೆ ಹೋಗ್ತಾರೆ.

ಒಂದು ಅರ್ಜಿ ನನಗೆ ಇವತ್ತಿಗೂ ನೆನಪಿದೆ. ಲೆಕ್ಕದ ಪುಸ್ತಕದಿಂದ ಹರಿದ ಹಾಳೆ, ನೀಲಿ ಶಾಯಿ, ಒಂದೇ ಪುಟ. ಬರೆದವರು ವಯಸ್ಸಾದ ರೈತರು. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ, ಅದು ನಿಜ. ಮೇಲಿನ ಗದ್ದೆಯವರು ಕದ್ದಿಲ್ಲ, ಅದೂ ನಿಜ. ನೀರುಗಂಟಿ ದಿನಾ ಬರ್ತಾನೆ. ನಮ್ಮ ತೂಬಿನ ಮುಂದೆ ಮೊಣಕಾಲುದ್ದ ಹೂಳು ನಿಂತಿದೆ, ನೀರು ಅಲ್ಲಿಂದ ತಿರುಗಿ ಹಳ್ಳಕ್ಕೆ ಬೀಳ್ತಾ ಇದೆ, ಬಂದು ನೋಡಬೇಕು. ಇಷ್ಟೇ. ಎದುರಿನವರು ಏನೇನು ಸಮಜಾಯಿಷಿ ಕೊಡಬಹುದಿತ್ತೋ ಅಷ್ಟನ್ನೂ ಮೊದಲೇ ಒಪ್ಪಿಕೊಂಡುಬಿಟ್ಟಿದ್ದರು, ಹಾಗಾಗಿ ಉಳಿದಿದ್ದು ಹೂಳು ಒಂದೇ. ಸಾಹೇಬರು ಅದನ್ನ ಓದಿ ಪೆನ್ನು ಕೆಳಗಿಟ್ಟು ಜೀಪ್ ತರಿಸಿದರು. ಮಾತಿನಿಂದ ಒಪ್ಪಿಸೋ ಕಲೆಗೆ ಇಂಗ್ಲಿಷಿನಲ್ಲಿ ಹೆಸರುಗಳು ಬೇಕಾದಷ್ಟಿವೆ, ನಿಮ್ಮ ಕಾಲೇಜಿನಲ್ಲಿ ಅರಿಸ್ಟಾಟಲ್‌ನಿಂದ ಶುರು ಮಾಡಿ ಕಲಿಸ್ತಾರೆ, ಕಲಿ. ಆದ್ರೆ ಆ ಅಜ್ಜನಿಗೆ ಕಣ್ಣಾರೆ ಕಂಡ ಹೂಳು ಇತ್ತು. ನಿನ್ನ ನಾಲ್ಕು ಪುಟದಲ್ಲಿ ನೀನು ಹೋಗಿ ಕಂಡದ್ದು ಒಂದೂ ಇಲ್ಲ.

ಶನಿವಾರ ಸಂಜೆ ಟ್ರೈನ್ ಹತ್ತಿ ಬಾ. ಭಾನುವಾರ ಬೆಳಿಗ್ಗೆ ಬಿಸಿಲು ಏರೋ ಮುಂಚೆ ಇಬ್ಬರೂ ಏರಿ ಮೇಲೆ ನಡೆದು ಕೊನೇ ತೂಬಿನ ತನಕ ಹೋಗೋಣ. ನೀರುಗಂಟಿಗೆ ನಾನು ಹೇಳಿರ್ತೀನಿ. ಒಂದು ನೋಟ್‌ಬುಕ್ ತಾ, ಅಳತೆ ಟೇಪು ಮನೆಯಲ್ಲಿದೆ.

ನಿನ್ನ ಅತ್ತೆ